ಪ್ರಿಂಟರ್ ಮೆಮೊರಿ ಒಳಗ ಯಾವ ಲೋಗೋ, ಯಾವ ಫಾಂಟ್ ಕುಂತಾವ ಅಂತ ನೋಡೂದು ಹೆಂಗ?

ಇಳಕಲ್ಲದಾಗ ಸೀರಿ ಅಂಗಡಿ ಐತಿ, ಟ್ಯಾಗ್ ಹೊಡ್ಯಾಕ ಸೆಕೆಂಡ್ ಹ್ಯಾಂಡ್ ಝೀಬ್ರಾ ಲೇಬಲ್ ಪ್ರಿಂಟರ್ ತಗೊಂಡೀನಿ, ಒಮ್ಮೆ ನಮ್ಮ ಲೋಗೋ ಬರತೈತಿ ಒಮ್ಮೆ ಹಳೇ ಮಾಲಕನ ಔಷಧಿ ಅಂಗಡಿ ಲೋಗೋ ಬರತೈತಿ, ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಹೋಗವಲ್ದು, ಒಳಗ ಏನೇನು ತುಂಬೇತಿ ನೋಡೂದು ಹೆಂಗ ಅಂತ ಕೇಳೀರಿ. ಓದಿ ನಗು ಬಂತ್ರಿ, ತಪ್ಪ ತಿಳಕೋಬ್ಯಾಡ್ರಿ, ಇದ ಪಜೀತಿ ನಾನೂ ಪಟ್ಟೀನಿ.

ನಾನು ವಿಜಯಪುರದಾಗ ಒಣದ್ರಾಕ್ಷಿ ಪ್ಯಾಕಿಂಗ್ ಮಾಡೂ ಕಡೆ ಲೇಬಲ್ ಕೆಲಸ ನೋಡ್ಕೋತೀನಿ. ನಮ್ದೂ ಹಳೇ ಪ್ರಿಂಟರ್. ಮಾರ್ಚ್ ತಿಂಗಳ, ಸೀಸನ್ ಜೋರ, 15 ಕೆಜಿ ಬಾಕ್ಸಿಗೆ ಲೇಬಲ್ ಹೊಡೀಲಿಕತ್ತಿದ್ವಿ, ಮುಂಜಾನೆಯಿಂದ ಎಲ್ಲಾ ಸರಳ ನಡದಿತ್ತು, ನಡಕ ಒಂದ್ಸಲ ಕರೆಂಟ್ ಹೋಗಿ ಬಂತು, ನಾನು ಚಾ ಕುಡದ ಬರೂದ್ರಾಗ ಹುಡುಗ್ರು ನಲವತ್ತು ಬಾಕ್ಸಿಗೆ ಅಂಟಿಸಿಬಿಟ್ಟಿದ್ರು, ನೋಡ್ತೀನಿ ಎಲ್ಲಾದ್ರ ಮ್ಯಾಲೂ ಒಂದು ಆನಿ ಚಿತ್ರ! ಮೊದ್ಲ ಆ ಪ್ರಿಂಟರ್ ಇಟ್ಕೊಂಡವ್ರ ಲೋಗೋ ಅದು. ಮಾಲಕ್ರು ಬಂದು ಬಾಕ್ಸ್ ಎತ್ತಿ ಹಿಡದು 'ಏನಪಾ, ಆನಿ ಯಾವಾಗಿಂದ ದ್ರಾಕ್ಷಿ ಬೆಳ್ಯಾಕ ಹತ್ತೇತಿ' ಅಂದ್ರು. ಉಗುರಿಂದ ಕೆರದು ಕೆರದು ತಗದ್ವಿ ಎಲ್ಲಾ.

ಹಿಂಗ ಯಾಕ ಆಗತೈತಿ ಅಂದ್ರ, ಈ ಪ್ರಿಂಟರ್ ಒಳಗ ಸಾಮಾನು ಇಡಾಕ ಬ್ಯಾರೆ ಬ್ಯಾರೆ ಖೋಲಿ ಅದಾವು. ಆರ್ ಅನ್ನೂದು ರ್ಯಾಮ್, ಪ್ರಿಂಟರ್ ಬಂದ್ ಆತಂದ್ರ ಅದರಾಗಿಂದೆಲ್ಲಾ ಅಳಸಿ ಹೋಗತೈತಿ. ಇ ಅನ್ನೂದು ಫ್ಲ್ಯಾಶ್, ಅಲ್ಲಿ ಇಟ್ಟಿದ್ದು ಕರೆಂಟ್ ಹೋದ್ರೂ ಹೋಗೂದಿಲ್ಲ. ಝಡ್ ಒಳಗ ಕಂಪನಿಯವ್ರ ಫಾಂಟ್ ಇರ್ತಾವು, ಅದನ್ನ ಅಳಸಾಕ ಬರೂದಿಲ್ಲ. ಮೆಮೊರಿ ಕಾರ್ಡ್ ಇದ್ರ ಬಿ ಅಂತ ಇನ್ನೊಂದು. ಈಗ ನಿಮ್ಮ ಡಿಸೈನ್ ಯಾವ ಖೋಲಿ ಅಂತ ಹೇಳದ ಸುಮ್ಮ 'ಲೋಗೋ ತಾ' ಅಂತ ಕರದ್ರ, ಪ್ರಿಂಟರ್ ಮೊದ್ಲ ಆರ್ ಒಳಗ ಹುಡುಕತೈತಿ, ಅಲ್ಲಿ ಸಿಗಲಿಲ್ಲಂದ್ರ ಇ ಗೆ ಹೋಗತೈತಿ. ನಿಮ್ಮ ಲೋಗೋ ಆರ್ ಒಳಗ ಕುಂತಿರತೈತಿ, ಹಳೇ ಮಾಲಕಂದು ಅದ ಹೆಸರಿಂದ ಇ ಒಳಗ. ಕರೆಂಟ್ ಹೋತು, ನಿಮ್ದು ಅಳಸ್ತು, ಔಷಧಿ ಅಂಗಡಿ ಎದ್ದು ಬಂತು. ನಿಮ್ಮಲ್ಲೂ ಇದ ಆಗಿರಬೇಕು ಅನಸ್ತೈತಿ, ಬಂದ್ ಮಾಡಿ ಚಾಲೂ ಮಾಡಿದ ಮ್ಯಾಲ ಹಳೇದು ಬರತೈತೇನ ಒಂದ್ಸಲ ಲಕ್ಷ್ಯ ಕೊಟ್ಟು ನೋಡ್ರಿ. ಫ್ಯಾಕ್ಟರಿ ರೀಸೆಟ್ ಸೆಟ್ಟಿಂಗ್ ಅಷ್ಟ ಹಳೇದಕ್ಕ ತರತೈತಿ, ಇ ಒಳಗಿನ ಫೈಲ್ ಮುಟ್ಟೂದಿಲ್ಲ.

ಪಟ್ಟಿ ತಗ್ಯಾಕ ಪ್ರಿಂಟರಿಗೆ ಒಂದು ಸಾಲು ಕಳಸಬೇಕು. ನನ್ನ ಫೋನದಾಗ ಕನ್ನಡ ಕೀಬೋರ್ಡ್ ಅಷ್ಟ ಐತಿ, ಕಮಾಂಡ್ ಕನ್ನಡದಾಗ ಬರೀತೀನಿ, ನೀವು ಇಂಗ್ಲಿಷ್ ದೊಡ್ಡಕ್ಷರದಾಗ ಟೈಪ್ ಮಾಡ್ಕೋರಿ, ಆ ಟೋಪಿ ಚಿಹ್ನೆ, ಚುಕ್ಕಿ, ನಕ್ಷತ್ರ ಎಲ್ಲಾ ಇದ್ದಂಗ ಇರಲಿ:

^ಎಕ್ಸ್‌ಎ^ಡಬ್ಲ್ಯೂಡಿಇ:*.*^ಎಕ್ಸ್‌ಝಡ್

ಇದಕ್ಕ ಇ ಒಳಗ ಇರೂ ಎಲ್ಲಾ ಫೈಲಿನ ಹೆಸರು, ಸೈಜ್ ಲೇಬಲ್ ಮ್ಯಾಲ ಅಚ್ಚಾಗಿ ಬರತೈತಿ. ಇ ಜಾಗಾದಾಗ ಆರ್ ಹಾಕಿ ಇನ್ನೊಮ್ಮೆ ಕಳಸ್ರಿ, ಎರಡೂ ಚೀಟಿ ಬಾಜೂಕ ಇಟ್ಟು ನೋಡ್ರಿ, ಒಂದ ಹೆಸರು ಎರಡೂ ಕಡೆ ಇದ್ರ ಕಳ್ಳ ಸಿಕ್ಕಂಗ. ಚೀಟಿ ತಗಿಯೂ ಮೊದ್ಲ ನಿಮ್ಮ ಲೋಗೋನ ಬರೂ ಟ್ಯಾಗ್ ಒಂದು ಹೊಡೀರಿ ಮತ್ತ, ಇಲ್ಲಂದ್ರ ಆರ್ ಖಾಲಿನ ಕಾಣತೈತಿ, ನಾನು ಮೊದಲ ದಿನ ಪ್ರಿಂಟರ್ ಬಂದ್ ಮಾಡಿ ಚಾಲೂ ಮಾಡಿ ಪಟ್ಟಿ ತಗದು 'ಇಲ್ಲೇನೂ ಇಲ್ಲಲ' ಅಂತ ತಲಿ ಕೆರಕೊಂಡೀನಿ. ಸಾಲು ಕಳಸಾಕ ಝೀಬ್ರಾ ಸೆಟಪ್ ಯುಟಿಲಿಟಿ ಸಾಫ್ಟ್‌ವೇರ್ ಇಳಿಸ್ಕೊಂಡ್ರ ಅದರಾಗ ಪ್ರಿಂಟರ್ ಜೋಡಿ ಮಾತಾಡೂ ಕಿಡಕಿ ಐತಿ, ಅಲ್ಲಿ ಹಾಕ್ರಿ.

ಚೀಟಿ ಓದೂದು ಹಿಂಗ. ಹೆಸರಿನ ಕಡೀಕ ಜಿಆರ್‌ಎಫ್ ಅಥವಾ ಪಿಎನ್‌ಜಿ ಇದ್ರ ಚಿತ್ರ, ಎಫ್‌ಎನ್‌ಟಿ ಅಥವಾ ಟಿಟಿಎಫ್ ಇದ್ರ ಫಾಂಟ್, ಝಡ್‌ಪಿಎಲ್ ಇದ್ರ ಪೂರಾ ಲೇಬಲ್ ಡಿಸೈನ್. ಕಂಪನಿ ಫಾಂಟಿನ ಪಟ್ಟಿ ಬೇಕಂದ್ರ ^ಡಬ್ಲ್ಯೂಡಿ ಆದ ಮ್ಯಾಲ ಝಡ್:*.ಎಫ್‌ಎನ್‌ಟಿ ಅಂತ ಹಾಕ್ರಿ. ಅದರಾಗ ಕನ್ನಡ ಹುಡುಕಬ್ಯಾಡ್ರಿ, ಸಿಗೂದಿಲ್ಲ, ಒತ್ತಕ್ಷರ ಹೊಂದಸೂದು ರಗಳಿ ಅಂತ ನಾವು ಕನ್ನಡ ಹೆಸರನ್ನೂ ಚಿತ್ರ ಮಾಡೇ ಕಳಸ್ತೀವಿ.

ಹೆಸರು ನೋಡಿ ಯಾವ ಚಿತ್ರ ಅಂತ ತಿಳೀಲಿಲ್ಲಂದ್ರ ಸೈಜ್ ನೋಡ್ರಿ. ಸಾದಾ 203 ಡಿಪಿಐ (ಅಂದ್ರ ಇಂಚಿಗೆ 203 ಚುಕ್ಕಿ) ಪ್ರಿಂಟರದಾಗ ಒಂದು ಮಿಲಿಮೀಟರಿಗೆ 8 ಚುಕ್ಕಿ, 30 ಮಿಮೀ ಅಗಲ 20 ಮಿಮೀ ಎತ್ತರದ ಲೋಗೋ ಅಂದ್ರ 240 ಗುಣಿಸು 160 ಚುಕ್ಕಿ, ಎಂಟು ಚುಕ್ಕಿಗೆ ಒಂದು ಬೈಟ್ ಹಿಡದ್ರ ಜಿಆರ್‌ಎಫ್ ಸುಮಾರು 4800 ಬೈಟ್ ಆಗತೈತಿ. ನಮ್ಮ ಪಟ್ಟಿಯೊಳಗ ಹಸರ ಚುಕ್ಕಿ ಚೌಕ, ಎಫ್‌ಎಸ್‌ಎಸ್‌ಎಐ ಗುರುತು ಎಲ್ಲಾ ಸಣ್ಣ ಸಣ್ಣವು, ಆನಿ ಮಾತ್ರ ಆನಿ ಗಾತ್ರನ ಇತ್ತು. ಖಾತ್ರಿ ಮಾಡ್ಕೊಳ್ಳಾಕ ಒಂದೊಂದ ಹೊಡದು ನೋಡ್ರಿ (ಲೋಗೋ ಅನ್ನೂ ಜಾಗಾದಾಗ ಚೀಟಿಯೊಳಗಿನ ಹೆಸರು):

^ಎಕ್ಸ್‌ಎ^ಎಫ್‌ಓ50,50^ಎಕ್ಸ್‌ಜಿಇ:ಲೋಗೋ.ಜಿಆರ್‌ಎಫ್,1,1^ಎಫ್‌ಎಸ್^ಎಕ್ಸ್‌ಝಡ್

ಇದ ಹಳೇದು ಅಂತ ಪಕ್ಕಾ ಆತಂದ್ರ ಅಳಸೂದು:

^ಎಕ್ಸ್‌ಎ^ಐಡಿಇ:ಲೋಗೋ.ಜಿಆರ್‌ಎಫ್^ಎಫ್‌ಎಸ್^ಎಕ್ಸ್‌ಝಡ್

ಇಲ್ಲಿ ಅವಸರ ಮಾಡಿ ನಕ್ಷತ್ರ-ಚುಕ್ಕಿ-ನಕ್ಷತ್ರ ಹಾಕಿ ಎಲ್ಲಾ ಒಮ್ಮೆಲೆ ಅಳಸಾಕ ಹೋಗಬ್ಯಾಡ್ರಿ, ಕೆಲವು ಪ್ರಿಂಟರದಾಗ ಕಂಪನಿ ಹಾಕಿದ ಫಾಂಟೂ ಇ ಒಳಗ ಇರ್ತಾವು, ಅವೂ ಹೋಗ್ತಾವು. ಹೆಸರು ಹಿಡದು ಒಂದೊಂದ ತಗೀರಿ. ಆಮ್ಯಾಗ ನಿಮ್ಮ ಲೋಗೋ ಇ ಒಳಗ ಇಡ್ರಿ, ಡಿಸೈನದಾಗೂ ಇ: ಅಂತ ಖೋಲಿ ಹೆಸರು ಹಾಕೇ ಕರೀರಿ. ಹೆಸರೂ ಬರೇ ಲೋಗೋ ಅಂತ ಬ್ಯಾಡ, ಎಲ್ಲಾರೂ ಅದನ್ನ ಇಡ್ತಾರ, ಅದಕ್ಕ ಈ ಕಥಿ ಆಗೂದು. ಅಂಗಡಿ ಹೆಸರಿಂದು ಇಂಗ್ಲಿಷಿನ ಎಂಟಕ್ಷರದ ಒಳಗ ಏನರ ಮಾಡ್ರಿ.

ಹಾಂ, ನೀವು ಬರದಿದ್ದು ಝೀಬ್ರಾ ಅಂತ, ಆದ್ರ ಒಮ್ಮೆ ಪ್ರಿಂಟರ್ ಕೆಳಗಿನ ಸ್ಟಿಕ್ಕರ್ ನೋಡ್ರಿ, ನಮ್ ಕಡೆ ಲೇಬಲ್ ಹೊಡ್ಯೂದಕ್ಕೆಲ್ಲಾ ಝೀಬ್ರಾ ಅಂತಾರ. ಟಿಎಸ್‌ಸಿ ಅನ್ನೂ ಬ್ಯಾರೆ ಕಂಪನಿದು ಆಗಿದ್ರ ಇವು ನಡೀತಾವು ಅಂತ ಖಾತ್ರಿ ಇಲ್ಲ, ಅದಕ್ಕ ಬರೇ ಫೈಲ್ಸ್ ಅಂತ ಇಂಗ್ಲಿಷಿನ್ಯಾಗ ಬರದು ಎಂಟರ್ ಹೊಡದು ಕಳಸಿದ್ರ ಎಷ್ಟು ಮೆಮೊರಿ ಖಾಲಿ ಐತಿ, ಯಾವ ಫೈಲ್ ಅದಾವು ಎಲ್ಲಾ ಅಚ್ಚಾಗಿ ಬರತೈತಿ. ಎಂಟರ್ ಮರತ್ರ ಸುಮ್ಮ ಕುಂದರತೈತಿ ಅದು.

ಎಲ್ಲಾ ಆದ ಮ್ಯಾಲ ಪ್ಲಗ್ ಕಿತ್ತು ಹಾಕಿ ಒಂದು ಟ್ಯಾಗ್ ಹೊಡೀರಿ. ಆವಾಗೂ ಔಷಧಿ ಅಂಗಡಿನ ಬಂತಂದ್ರ ಎರಡೂ ಚೀಟಿ ಫೋಟೋ ಇಲ್ಲಿ ಹಾಕ್ರಿ, ನೋಡೂಣು.