ತರಗೆಲೆಯಡಿಯ ಕಂದು ಹುಳ ಮೆಣಸಿನ ನುಸಿಯಲ್ಲ

ಪ್ರಶ್ನೆ: ಹೊಲದ ಬದುವಿನ ಮಾವಿನ ಮರದಡಿ ತರಗೆಲೆ ಕೆದರಿದರೆ ಹೊಳೆಯುವ ಸಣ್ಣ ಕಂದು ಹುಳ ಕಾಣುತ್ತವೆ. ಮುಟ್ಟಿದರೆ ಕಾಲು ಒಳಗೆಳೆದುಕೊಂಡು ಕಾಳಿನಂತೆ ಗುಂಡಗಾಗುತ್ತವೆ. ಮೆಣಸಿನ ಗಿಡಕ್ಕೆ ಮುಟುರು ರೋಗ ತರುವ ನುಸಿ ಇದೇನಾ? ಔಷಧ ಹೊಡೆಯಬೇಕೇ?
– ರೈತರು, ಬ್ಯಾಡಗಿ ತಾಲ್ಲೂಕು

ಉತ್ತರ: ದಯವಿಟ್ಟು ಹೊಡೆಯಬೇಡಿ. ಲಕ್ಷಣ ನೋಡಿದರೆ ಇದು ಫ್ಥಿರಾಕಾರಿಡೇ ಕುಟುಂಬದ ಅಥವಾ ಅದರ ಹತ್ತಿರದ ಬಳಗದ ಮಣ್ಣುನುಸಿ. ತಲೆಯ ಮೇಲಿನ ಗಟ್ಟಿ ಚಿಪ್ಪನ್ನು ಮುಚ್ಚಳದಂತೆ ಬಾಗಿಸಿ, ಎಂಟೂ ಕಾಲುಗಳನ್ನು ಒಳಗಿಟ್ಟು ಮುಚ್ಚಿಕೊಳ್ಳುತ್ತದೆ. ದೊಡ್ಡವು 1 ಮಿ.ಮೀ. ಮುಟ್ಟುತ್ತವೆ. ಮೆಣಸಿನ ಹಳದಿ ನುಸಿ 0.2 ಮಿ.ಮೀ. ಆಸುಪಾಸಿನದು, ಲೆನ್ಸ್ ಇಲ್ಲದೆ ಕಾಣುವುದೇ ಕಷ್ಟ. ಎಳೆ ಎಲೆಯ ಕೆಳಗೆ ಕೂತು ರಸ ಹೀರುತ್ತದೆ. ಎಲೆಯಂಚು ಕೆಳಕ್ಕೆ ಮುದುಡಿದ್ದರೆ ಅದರ ಕೆಲಸ, ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟದ್ದು.

ನಿಮ್ಮ ಹುಳ ತಿನ್ನುವುದು ಕೊಳೆತದ್ದನ್ನು. ಮೆತ್ತಗಾದ ಕಡ್ಡಿಯೊಂದನ್ನು ಉದ್ದಕ್ಕೆ ಸೀಳಿ, 10 ಪಟ್ಟಿನ ಲೆನ್ಸ್‌ನಲ್ಲಿ ನೋಡಿ. ಒಳಗೆ ಸಣ್ಣ ಸುರಂಗ, ಅದರ ತುಂಬ ಕಂದು ಹಿಕ್ಕೆ, ನಡುವೆ ಬೆಳ್ಳಗಿನ ಮೆತ್ತನೆ ಮರಿಗಳು ಸಿಗಬಹುದು. ಆ ಹಿಕ್ಕೆಯ ಮೇಲೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಕಡ್ಡಿ ಮಣ್ಣಾಗುತ್ತದೆ. ಸಂತತಿ ಬೆಳೆಯುವುದು ಬಹಳ ನಿಧಾನ. ತರಗೆಲೆಗೆ ಬೆಂಕಿಯಿಟ್ಟರೆ ಕಡ್ಡಿಯೊಳಗಿನ ಮರಿಗಳೂ ಸುಟ್ಟುಹೋಗುತ್ತವೆ.

ಹಿಡಿದು ನೋಡಬೇಕಿದ್ದರೆ ಮಳೆಗಾಲದಲ್ಲಿ ಎರಡು ಬೊಗಸೆ ಹಸಿ ತರಗೆಲೆ ತನ್ನಿ. ಬಟ್ಟೆಚೀಲದಲ್ಲಿ, ನೆರಳಿನಲ್ಲಿ. 2 ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಮುಚ್ಚಳ ತೆಗೆದ ಆ ಭಾಗವನ್ನು ಆಲಿಕೆಯಂತೆ ತಲೆಕೆಳಗಾಗಿ ನಿಲ್ಲಿಸಿ, ಒಳಗೆ 2 ಮಿ.ಮೀ. ಕಣ್ಣಿನ ಜಾಲರಿಯಿಟ್ಟು ಎಲೆಯನ್ನು ಸಡಿಲವಾಗಿ ಹರಡಿ. ಮಣ್ಣಿನ ಪುಡಿ ಉದುರಿ ಮುಗಿದ ಮೇಲಷ್ಟೇ ಕೆಳಗೆ 70 ಶೇಕಡ ಸ್ಪಿರಿಟ್ ಇರುವ ಶೀಶೆ ಇಡಿ. ಮೇಲೆ 25 ವ್ಯಾಟ್‌ನ ಹಳೇ ಮಾದರಿ ಬಲ್ಬು, ಎಲೆಯಿಂದ ಒಂದು ಗೇಣು ದೂರ. ಎಲ್‌ಇಡಿ ಕೆಲಸಕ್ಕೆ ಬಾರದು, ಅದರಲ್ಲಿ ಬಿಸಿ ಸಾಲದು. ಮೇಲಿಂದ ಒಣಗುತ್ತ ಬಂದಂತೆ ನುಸಿಗಳು ಕೆಳಗಿಳಿದು ಶೀಶೆಗೆ ಬೀಳುತ್ತವೆ. ಬೇಗ ಆಗಲೆಂದು ಬಲ್ಬು ಹತ್ತಿರ ತಂದರೆ ನಿಧಾನ ನಡೆಯುವ ಇವು ಇಳಿಯುವ ಮೊದಲೇ ಒಣಗಿ ಸಾಯುತ್ತವೆ. ಐದರಿಂದ ಏಳು ದಿನ ಬಿಡಿ. ಬಾಟಲಿಯ ಒಳಗೋಡೆಯಲ್ಲಿ ನೀರು ಬೆವೆತರೆ ಒರೆಸಿ, ಇಲ್ಲವಾದರೆ ಅಲ್ಲೇ ಅಂಟಿಕೊಳ್ಳುತ್ತವೆ.

ಗುರುತು ಖಚಿತವಾಗಬೇಕಿದ್ದರೆ ಶೀಶೆಯನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ಒಯ್ಯಿರಿ. ಊರು, ತಾರೀಖು, ಯಾವ ಮರದಡಿ ಸಿಕ್ಕಿತು ಎಂಬುದನ್ನು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಶೀಶೆಯೊಳಗೇ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.