ಸ್ಕಾಟ್ಲೆಂಡಿನ ಗಾಳಿಯಲ್ಲಿ ಗಾಲ್ಫ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಮೂವರು ಸ್ನೇಹಿತರು, ಊರು ದಾವಣಗೆರೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಗಾಲ್ಫ್ ಕಲಿತೆವು. ಜೂನ್‌ನಲ್ಲಿ ಒಂದು ವಾರ ಸ್ಕಾಟ್ಲೆಂಡಿಗೆ ಹೋಗುವ ಯೋಚನೆ ಇದೆ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡೋಕೆ ಸಿಗುತ್ತಾ? ಗಾಳಿ ವಿಪರೀತ ಅಂತಾರೆ, ಏನು ತಯಾರಿ ಬೇಕು?

ಉತ್ತರ: ಸಿಗಬಹುದು, ಗ್ಯಾರಂಟಿ ಇಲ್ಲ. ಓಲ್ಡ್ ಕೋರ್ಸ್ ಸಾರ್ವಜನಿಕ ಕೋರ್ಸು, ಅಂದರೆ ಯಾರು ಬೇಕಾದರೂ ಆಡಬಹುದಾದ ಗಾಲ್ಫ್ ಮೈದಾನ. ಮುಂಗಡ ಬುಕಿಂಗ್ ಸಿಗದಿದ್ದರೆ ಬ್ಯಾಲೆಟ್ ಇದೆ, ಅಂದರೆ ಚೀಟಿ ಎತ್ತುವುದು. ಆಡುವ ದಿನಕ್ಕೆ ಎರಡು ದಿನ ಮೊದಲೇ ಹೆಸರು ಕೊಡಬೇಕು. ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕ) ಪ್ರಮಾಣಪತ್ರ ಜೊತೆಗಿರಲಿ. ಹಾಗಾಗಿ ಊರೂರು ಸುತ್ತುವ ಬದಲು ಅಲ್ಲೇ ನಾಲ್ಕೈದು ದಿನ ಉಳಿದು ದಿನಾ ಹೆಸರು ಹಾಕಿ. ಹೆಸರು ಬರದಿದ್ದರೆ ಪಕ್ಕದಲ್ಲೇ 1895ರ ನ್ಯೂ ಕೋರ್ಸ್, 1897ರ ಜುಬಿಲಿ ಇವೆ. ಅದೇ ಮಣ್ಣು, ಅದೇ ಗಾಳಿ! ಒಂದೇ ಕೋರ್ಸಿನ ಮೇಲೆ ಇಡೀ ಪ್ರವಾಸದ ಖುಷಿ ನಿಲ್ಲಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ. ಅವತ್ತು ಊರಿನವರು ನಾಯಿ ಕರಕೊಂಡು, ಮಕ್ಕಳನ್ನು ಕರಕೊಂಡು ಹುಲ್ಲಿನ ಮೇಲೆಲ್ಲ ಓಡಾಡುತ್ತಾರೆ. ನೀವೂ ನಡೆಯಿರಿ, ಕೋರ್ಸಿನೊಳಗಿನ ಹಳೆಯ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ.

ಇನ್ನು ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತಿದವರಿಗೆ ಅದರ ಜೋರು ಗೊತ್ತೇ ಇರುತ್ತದೆ, ಸ್ಕಾಟ್ಲೆಂಡಿನಲ್ಲಿ ಅದರ ಜೊತೆ ಚಳಿಯೂ ಸೇರುತ್ತದೆ. ಜೂನ್ ಮಧ್ಯಾಹ್ನವೂ 16-17 ಡಿಗ್ರಿ ಮಾಮೂಲಿ, ಮಳೆ ಯಾವಾಗ ಬೇಕಾದರೂ ಬಂದೀತು. ಮಳೆ ಕೋಟು, ಒಂದು ಜೊತೆ ಹೆಚ್ಚಿನ ಕೈಗವಸು ಇಟ್ಟುಕೊಳ್ಳಿ. ಅಲ್ಲಿನ ಈ ಕೋರ್ಸುಗಳಿಗೆ ಲಿಂಕ್ಸ್ ಅಂತಾರೆ, ಸಮುದ್ರಕ್ಕೂ ಹೊಲಕ್ಕೂ ನಡುವಿನ ಮರಳು ನೆಲ. ಮರಗಳು ಕಡಿಮೆ, ಗಾಳಿ ತಡೆಯುವವರೇ ಇಲ್ಲ. ಆದರೆ ಮರಳು ನೀರನ್ನು ಬೇಗ ಹೀರುತ್ತದೆ, ನೆಲ ಗಟ್ಟಿ ಇರುತ್ತದೆ, ಚೆಂಡು ಬಿದ್ದ ಮೇಲೂ ದೂರ ಉರುಳುತ್ತದೆ. ಬೆಂಗಳೂರಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದು ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬೀಳಿಸುವ ಅಭ್ಯಾಸ ನಮ್ಮದು, ಅಲ್ಲಿ ಅದನ್ನು ಸ್ವಲ್ಪ ಮರೆಯಬೇಕು. ಎದುರು ಗಾಳಿಗೆ ಜೋರಾಗಿ ಬೀಸಿದಷ್ಟೂ ಚೆಂಡು ಜಾಸ್ತಿ ಸುತ್ತಿ ಮೇಲಕ್ಕೇ ಹೋಗುತ್ತದೆ, ಮುಂದಕ್ಕಲ್ಲ. ಒಂದೆರಡು ನಂಬರ್ ಕಡಿಮೆಯ, ಅಂದರೆ ಹೆಚ್ಚು ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ತಗೊಂಡು ಮೆತ್ತಗೆ, ತಗ್ಗಿನಲ್ಲಿ ಹೊಡೆಯಿರಿ. ಗ್ರೀನ್‌ನಿಂದ ಮೂವತ್ತು ಗಜ ಆಚೆ ಇದ್ದರೂ ಪಟರ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಕ್ಲಬ್) ಹಿಡಿಯೋದಕ್ಕೆ ಸಂಕೋಚ ಬೇಡ. ಈಗಿನಿಂದಲೇ ಚಿಕ್ಕಮಗಳೂರಿಗೋ ಮೈಸೂರಿಗೋ ಆಡಲು ಹೋದಾಗ ಇದನ್ನೇ ಅಭ್ಯಾಸ ಮಾಡಿ. ದಿನಾ ನಾಲ್ಕೈದು ಗಂಟೆ ನಡೆಯುವ ರೂಢಿಯೂ ಬೇಕು, ಅಲ್ಲಿ ಬಹುಪಾಲು ನಡೆದೇ ಆಡುವುದು. ಒಂದು ಸಲವಾದರೂ ಕ್ಯಾಡಿ (ಬ್ಯಾಗ್ ಹೊತ್ತು ಸಲಹೆ ಕೊಡುವವರು) ತಗೊಳ್ಳಿ, ಯಾವ ಬಂಕರ್ (ಮರಳುಗುಂಡಿ) ಎಲ್ಲಿ ಅವಿತಿದೆ ಅಂತ ಅವರಿಗೇ ಗೊತ್ತು.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನನ್ನ ಯಜಮಾನರು ಆಡುತ್ತಾರೆ, ನಾನು ಕ್ಲಬ್ ಹಿಡಿದವಳೇ ಅಲ್ಲ. ಸೇಂಟ್ ಆಂಡ್ರ್ಯೂಸ್‌ನಲ್ಲಿ ನನಗೇನಿದೆ?

ಉತ್ತರ: ಓಲ್ಡ್ ಕೋರ್ಸ್ ಪಕ್ಕದಲ್ಲೇ ಹಿಮಾಲಯಾಸ್ ಅಂತ ಏರುತಗ್ಗಿನ ಪಟಿಂಗ್ ಮೈದಾನ ಇದೆ, 1867ರಲ್ಲಿ ಶುರುವಾದ ಮಹಿಳೆಯರ ಕ್ಲಬ್ಬಿನದು. ಸ್ವಲ್ಪ ಶುಲ್ಕ ಕೊಟ್ಟರೆ ಹೊರಗಿನವರೂ ಆಡಬಹುದು, ಬೇಕಾಗುವುದು ಒಂದು ಪಟರ್ ಮಾತ್ರ. ಯಜಮಾನರನ್ನೂ ಕರಕೊಂಡು ಹೋಗಿ, ಪಂದ್ಯ ಕಟ್ಟಿ ಆಡಿ!