ಘಾಟಿಯ ತಿರುವಿನಲ್ಲಿ ಕ್ರೂಸರ್ ಬೈಕಿನ ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತದೆ, ಏನು ಮಾಡಬಹುದು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮಣಿಪಾಲದಿಂದ ತೀರ್ಥಹಳ್ಳಿಗೆ ತಿಂಗಳಿಗೆ ಎರಡು ಬಾರಿ ಪತ್ನಿಯನ್ನು ಹಿಂದೆ ಕೂರಿಸಿಕೊಂಡು 350 ಸಿಸಿಯ ಕ್ರೂಸರ್‌ನಲ್ಲಿ ಹೋಗುತ್ತೀರಿ, ಆಗುಂಬೆ ಘಾಟಿಯಲ್ಲಿ, ಅದರಲ್ಲೂ ಎಡ ತಿರುವುಗಳಲ್ಲಿ, ಫುಟ್‌ರೆಸ್ಟ್ ರಸ್ತೆಗೆ ಉಜ್ಜುತ್ತದೆ, ಬೈಕು ತಿರುಗಲು ಹಟ ಮಾಡುತ್ತದೆ, ಆದ್ದರಿಂದ ಉದ್ದದ ಶಾಕ್ ಅಬ್ಸಾರ್ಬರ್ ಮತ್ತು ಇನ್ನಷ್ಟು ಅಗಲದ ಹಿಂದಿನ ಟಯರ್ ಹಾಕಿಸಬೇಕೆಂದಿದ್ದೀರಿ. ನಾನು ಉಡುಪಿಯವನು, ಇಂಥದ್ದೇ ಬೈಕಿನಲ್ಲಿ ಅದೇ ರಸ್ತೆಯಲ್ಲಿ ಆರು ವರ್ಷಗಳಿಂದ ಓಡಾಡುತ್ತಿದ್ದೇನೆ. ಈ ಎರಡನ್ನೂ ಸದ್ಯಕ್ಕೆ ಕೊಳ್ಳಬೇಡಿ ಎಂಬುದೇ ನನ್ನ ಉತ್ತರ. ಅದಕ್ಕೆ ಕಾರಣವನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕಾಗುತ್ತದೆ.

ಕ್ರೂಸರ್‌ಗಳ ಫುಟ್‌ರೆಸ್ಟ್‌ಗಳು ಮುಂದೆ, ಕೆಳಗೆ ಮತ್ತು ಅಗಲವಾಗಿ ಇರುತ್ತವೆ. ಆದ್ದರಿಂದ ಬೈಕು ವಾಲಿದಾಗ ಮೊದಲು ನೆಲ ಮುಟ್ಟುವುದು ಅವೇ. ಅವು ಮಡಚಿಕೊಳ್ಳುವಂತಿರುವುದೂ, ಅನೇಕ ಬೈಕುಗಳಲ್ಲಿ ಅವುಗಳ ತುದಿಯ ಕೆಳಗೆ ಒಂದು ಸಣ್ಣ ಬೋಲ್ಟ್ ನೇತಾಡುವುದೂ ಇದಕ್ಕಾಗಿಯೇ. ಬೋಲ್ಟ್ ಉಜ್ಜಿ ‘ಕರ್ರ್’ ಎಂದರೆ ಅದು ಎಚ್ಚರಿಕೆ ಮಾತ್ರ, ಅಪಾಯ ಇನ್ನೂ ಬಂದಿಲ್ಲ. ಫುಟ್‌ರೆಸ್ಟ್ ಪೂರ್ತಿ ಮಡಚಿಕೊಂಡ ಮೇಲೂ ವಾಲಿಸಿದರೆ ಎಡಕ್ಕೆ ಸೈಡ್ ಸ್ಟ್ಯಾಂಡ್, ಬಲಕ್ಕೆ ಸೈಲೆನ್ಸರ್ ತಾಗುತ್ತವೆ. ಅವು ಮಡಚಿಕೊಳ್ಳುವ ವಸ್ತುಗಳಲ್ಲ. ಅವುಗಳ ಮೇಲೆ ಭಾರ ಬಿದ್ದರೆ ಹಾರೆಯಿಂದ ಮೀಟಿದಂತೆ ಹಿಂದಿನ ಚಕ್ರವೇ ನೆಲ ಬಿಟ್ಟು ಜಾರುತ್ತದೆ.

ನಿಮಗೆ ಎಡಕ್ಕೇ ಹೆಚ್ಚು ಉಜ್ಜುವುದರಲ್ಲಿ ಆಶ್ಚರ್ಯವಿಲ್ಲ. ನಾವು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ ಎಡಕ್ಕೆ ತಿರುಗುವ ಹೇರ್‌ಪಿನ್‌ಗಳಲ್ಲಿ ನಮ್ಮ ಪಾಲಿಗೆ ಒಳಗಿನ ಬಿಗಿಯಾದ ಸುತ್ತು ಬರುತ್ತದೆ, ಬಲ ತಿರುವುಗಳಲ್ಲಿ ಹೊರಗಿನ ಸಡಿಲ ಸುತ್ತು ಸಿಗುತ್ತದೆ.

ಈಗ ಲೆಕ್ಕ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಈ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವನ್ನು ಸುತ್ತಲು ಸುಮಾರು 27 ಡಿಗ್ರಿ ವಾಲಬೇಕಾಗುತ್ತದೆ. ವೇಗವನ್ನು 33ಕ್ಕೆ ಇಳಿಸಿದರೆ 23 ಡಿಗ್ರಿ ಸಾಕು. 36ರ ವೇಗದಲ್ಲೇ ಒಳ ಅಂಚಿಗೆ ಅಂಟಿಕೊಂಡು 18 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ 29.5 ಡಿಗ್ರಿ ಬೇಕು. ಇದಕ್ಕೆ ಹೋಲಿಸಿ ನೋಡಿ: ನಾನು ನನ್ನ ಬೈಕಿನಲ್ಲಿ ಫುಟ್‌ರೆಸ್ಟಿನ ಎತ್ತರವನ್ನೂ ಟಯರಿನ ನಡುಗೆರೆಯಿಂದ ಅದರ ದೂರವನ್ನೂ ಅಳೆದು ಲೆಕ್ಕ ಹಾಕಿದಾಗ, ಫುಟ್‌ರೆಸ್ಟ್ 15 ಮಿ.ಮೀ. ಮೇಲೇರಿದರೂ ಸಿಗುವುದು ಹೆಚ್ಚೆಂದರೆ ಒಂದೂವರೆ ಡಿಗ್ರಿ ಎಂದು ತಿಳಿಯಿತು. ಹಿಂದಿನ ಶಾಕ್ ಎತ್ತರಿಸಿದಾಗ ಮುಂದಿರುವ ಫುಟ್‌ರೆಸ್ಟ್ ಅಷ್ಟೂ ಮೇಲೇರುವುದಿಲ್ಲವಾದ್ದರಿಂದ ನಿಜವಾದ ಲಾಭ ಇನ್ನೂ ಕಡಿಮೆ. ಮೂರು ಕಿಲೋಮೀಟರ್ ವೇಗ ಇಳಿಸಿದರೆ ನಾಲ್ಕು ಡಿಗ್ರಿ, ಸಾವಿರಾರು ರೂಪಾಯಿಯ ಶಾಕ್ ಹಾಕಿಸಿದರೆ ಒಂದು ಡಿಗ್ರಿ! ಉದ್ದದ ಶಾಕ್ ಕೊಳ್ಳುವ ನನ್ನ ಆಸೆ ಅಂದೇ ಕರಗಿತು.

ಹಾಗೆಂದು ಬೈಕಿನ ಕಡೆ ಮಾಡುವುದೇನೂ ಇಲ್ಲವೆಂದಲ್ಲ. ಕಂಪನಿ ಕೊಟ್ಟ ಎತ್ತರವನ್ನೇ ನಾವು ಬಳಸಿಕೊಳ್ಳುತ್ತಿರುವುದಿಲ್ಲ, ಮೊದಲು ಅದನ್ನು ಮರಳಿ ಪಡೆಯಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿರುವಾಗ, ಆ್ಯಕ್ಸಲಿನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ಅಂಟಿಸಿದ ಒಂದು ಟೇಪಿನ ಗುರುತಿನವರೆಗೆ ಅಳೆಯಿರಿ. ಅನಂತರ ಸ್ಟ್ಯಾಂಡ್ ತೆಗೆದು, ನೀವಿಬ್ಬರೂ ಹೆಲ್ಮೆಟ್ಟು ಚೀಲಗಳ ಸಮೇತ ಕುಳಿತಾಗ ಮೂರನೆಯವರು ಮತ್ತೆ ಅಳೆಯಲಿ. ಈ ಎರಡು ಅಳತೆಗಳ ವ್ಯತ್ಯಾಸವೇ ಭಾರಕ್ಕೆ ಬೈಕು ಇಳಿದಿರುವಷ್ಟು. ನಮ್ಮ ಮನೆಯಂಗಳದಲ್ಲಿ ಭಾವ ಟೇಪು ಹಿಡಿದು ಕುಕ್ಕರುಗಾಲಲ್ಲಿ ಕುಳಿತು ಅಳೆದಾಗ ನಾನೊಬ್ಬನೇ ಕುಳಿತರೆ 42 ಮಿ.ಮೀ., ಹೆಂಡತಿಯೂ ಕುಳಿತರೆ 60 ಮಿ.ಮೀ. ಇಳಿದಿತ್ತು. ಹಿಂದಿನ ಚಕ್ರ ಮೇಲೆ ಕೆಳಗೆ ಒಟ್ಟು ಆಡುವುದೇ ಸುಮಾರು 100 ಮಿ.ಮೀ. ಸಾಮಾನ್ಯವಾಗಿ ಸವಾರನ ಭಾರಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯುವುದು ಸರಿ. ನನ್ನ ಬೈಕು ತಿರುವಿಗೆ ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕುಸಿದು ಕುಳಿತಿತ್ತು. ತಿರುವಿನಲ್ಲಿ ಅದು ಇನ್ನೂ ಕುಸಿಯುತ್ತದೆ. 27 ಡಿಗ್ರಿ ವಾಲಿದಾಗ ಸಸ್ಪೆನ್ಶನ್ನಿನ ಮೇಲೆ ಬೀಳುವ ಒತ್ತಡ ಶೇ. 12ರಷ್ಟು ಹೆಚ್ಚಾಗುತ್ತದೆ, ಅದರ ಮೇಲೆ ಒಂದು ಹೊಂಡ ಸಿಕ್ಕಿದರೆ ಕೇಳುವುದೇ ಬೇಡ.

ಈ ಇಳಿಕೆಯನ್ನು ತಗ್ಗಿಸಲು ಶಾಕ್‌ನ ಬುಡದಲ್ಲಿ ಹಂತಹಂತವಾಗಿ ತಿರುಗಿಸುವ ಉಂಗುರವಿರುತ್ತದೆ, ಅದಕ್ಕೆ ಬೇಕಾದ ಕೊಕ್ಕೆಯಂಥ ಸ್ಪ್ಯಾನರ್ ಎಷ್ಟೋ ಬೈಕುಗಳ ಟೂಲ್ ಕಿಟ್‌ನಲ್ಲೇ ಬರುತ್ತದೆ. ನಾನು ತಿರುಗಿಸಲು ಹೋದಾಗ ಎಡಗಡೆಯ ಉಂಗುರ ಮೊದಲ ಹಂತದಲ್ಲೂ ಬಲಗಡೆಯದು ಮೂರನೆಯದರಲ್ಲೂ ಇತ್ತು. ಸರ್ವಿಸ್ ಮಾಡಿದ ಗ್ಯಾರೇಜಿನಲ್ಲಿ ಯಾರೋ ಒಂದನ್ನು ಮಾತ್ರ ತಿರುಗಿಸಿ ಕೈಬಿಟ್ಟಿದ್ದರು, ನಾನು ಒಂದು ವರ್ಷ ಹಾಗೆಯೇ ಓಡಿಸಿದ್ದೆ! ಎರಡನ್ನೂ ನಾಲ್ಕನೇ ಹಂತಕ್ಕೆ ತಂದಾಗ ಇಬ್ಬರ ಭಾರಕ್ಕೆ ಇಳಿಕೆ 45 ಮಿ.ಮೀ.ಗೆ ಬಂತು, ಉಜ್ಜುವುದು ಬಹುಮಟ್ಟಿಗೆ ನಿಂತಿತು. ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸ್ಪ್ರಿಂಗ್ ಇದ್ದಂತೆಯೇ ಇರುತ್ತದೆ, ಬೈಕು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಕೊನೆಯ ಹಂತದಲ್ಲಿಟ್ಟರೂ ಹೊಂಡಗಳಲ್ಲಿ ‘ಧಡ್’ ಎಂದು ತಳ ಮುಟ್ಟುತ್ತಿದ್ದರೆ ಆಗ ಗಟ್ಟಿ ಸ್ಪ್ರಿಂಗಿನ, ಆದರೆ ಅಷ್ಟೇ ಉದ್ದದ ಶಾಕ್‌ಗಳ ಬಗ್ಗೆ ಯೋಚಿಸಬಹುದು.

ಜೊತೆಗೆ, ಬೈಕಿಗೆ ನೀವಾಗಿ ಹಾಕಿಸಿರುವ ವಸ್ತುಗಳನ್ನು ಒಮ್ಮೆ ಹಿಂದೆ ನಿಂತು ನೋಡಿ. ಅಗಲದ ಲೆಗ್ ಗಾರ್ಡ್, ಇನ್ನಷ್ಟು ಮುಂದಕ್ಕೆ ಒಯ್ದ ಫುಟ್‌ರೆಸ್ಟ್, ಕೆಳಗೆ ಜೋತುಬಿದ್ದ ಪಕ್ಕದ ಚೀಲ, ಇವೆಲ್ಲ ವಾಲುವ ಕೋನವನ್ನು ಕದಿಯುತ್ತವೆ. ಬೂಟಿನ ತುದಿ ಉಜ್ಜುತ್ತಿದ್ದರೆ ಪಾದದ ಮುಂಭಾಗವನ್ನು ಫುಟ್‌ರೆಸ್ಟಿನ ಮೇಲಿಟ್ಟರೆ ಸಾಕು.

ಬೈಕು ತಿರುಗಲು ಹಟ ಮಾಡುವುದಕ್ಕೆ ಮೊದಲು ಟಯರಿನ ಗಾಳಿ ನೋಡಿ. ಪಂಚರ್ ಅಂಗಡಿಯವರ ಅಂದಾಜನ್ನು ನಂಬದೆ, ಕೈಪಿಡಿಯಲ್ಲಿ ಇಬ್ಬರ ಸವಾರಿಗೆ ಹೇಳಿರುವಷ್ಟನ್ನು, ಬೆಳಿಗ್ಗೆ ಟಯರ್ ತಣ್ಣಗಿರುವಾಗ ತುಂಬಿಸಿ. ಹೆದ್ದಾರಿಯಲ್ಲಿ ನೇರ ಓಡಿ ಓಡಿ ಹಿಂದಿನ ಟಯರಿನ ನಡುಭಾಗ ಚಪ್ಪಟೆಯಾಗಿದ್ದರೆ, ಬೈಕು ಮೊದಲು ವಾಲಲು ಒಪ್ಪದೆ ಆಮೇಲೆ ಥಟ್ಟನೆ ಬೀಳುವಂತೆ ವಾಲುತ್ತದೆ. ಆ ಟಯರ್ ಬದಲಿಸಲೇಬೇಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ಅನ್ನು ಮೆಲ್ಲನೆ ಆಚೀಚೆ ತಿರುಗಿಸಿದಾಗ ನಡುವೆ ಎಲ್ಲಿಯಾದರೂ ಸಿಕ್ಕಿಕೊಂಡಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗ್) ಸವೆದಿದೆ ಎಂದರ್ಥ. ಕರಾವಳಿಯ ಮಳೆಯಲ್ಲಿ ಅದರ ಗ್ರೀಸು ಬೇಗ ತೊಳೆದುಹೋಗುತ್ತದೆ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಬುಷ್ ಸವೆದಿದೆಯೇ, ಚೈನ್ ಬಿಗಿಸುವಲ್ಲಿನ ಎರಡೂ ಕಡೆಯ ಗುರುತುಗಳು ಸಮವಾಗಿವೆಯೇ ಎಂಬುದನ್ನೂ ಅದೇ ದಿನ ಮೆಕ್ಯಾನಿಕ್ ನೋಡಲಿ.

ಅಗಲದ ಟಯರಿನ ಯೋಚನೆಯಂತೂ ನಿಮ್ಮ ಉದ್ದೇಶಕ್ಕೇ ವಿರುದ್ಧ. ಟಯರ್ ಅಗಲವಾದಷ್ಟೂ ವಾಲಿದಾಗ ಅದು ನೆಲ ಮುಟ್ಟುವ ಜಾಗ ನಡುಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ, ಅದನ್ನು ಸರಿದೂಗಿಸಲು ಅದೇ ವೇಗಕ್ಕೆ ಬೈಕು ಇನ್ನಷ್ಟು ವಾಲಬೇಕಾಗುತ್ತದೆ. ಈಗಿರುವ ಟಯರಿನಿಂದಲೇ ಮೇಲಿನ ಲೆಕ್ಕಕ್ಕೆ ಎರಡು ಮೂರು ಡಿಗ್ರಿ ಸೇರುತ್ತದೆ. ಉದ್ದದ ಶಾಕ್ ಹಾಕಿದರೆ ಬೈಕು ಚುರುಕಾಗಿ ತಿರುಗುವುದು ನಿಜ, ಆದರೆ ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ನಿಲ್ಲಿಸಿದ ಬೈಕು ಅತಿಯಾಗಿ ವಾಲುತ್ತದೆ, ಚೈನಿನ ಕೋನ ಬದಲಾಗುತ್ತದೆ, ಹೆದ್ದಾರಿಯ ವೇಗದಲ್ಲಿ ನೇರ ಓಟದ ಸ್ಥಿರತೆ ತಗ್ಗುತ್ತದೆ. ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ.

ಉಳಿದದ್ದು ಸವಾರಿ. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಸಿಗುವ 14 ಹೇರ್‌ಪಿನ್‌ಗಳಲ್ಲಿ ನಾನು ಬ್ರೇಕು ಮತ್ತು ಗೇರಿನ ಕೆಲಸವನ್ನು ಬೈಕು ನೆಟ್ಟಗಿರುವಾಗಲೇ ಮುಗಿಸುತ್ತೇನೆ. ಎಡ ತಿರುವಿಗೆ ನನ್ನ ಪಾಲಿನ ರಸ್ತೆಯ ಹೊರ ಅಂಚಿನಿಂದ, ಎಂದರೆ ನಡುಗೆರೆಗೆ ಸ್ವಲ್ಪ ಈಚೆಯಿಂದ, ಪ್ರವೇಶಿಸಿ, ತಿರುವಿನ ಆಚೆ ಬದಿ ಕಾಣುವವರೆಗೆ ಒಳಕ್ಕೆ ಬೀಳುವುದಿಲ್ಲ. ಗೆರೆ ದಾಟಿ ಅಗಲ ಗಿಟ್ಟಿಸುವುದು ಬೇಡವೇ ಬೇಡ, ಮೇಲಿನಿಂದ ಇಳಿಯುವ ಮಿನಿ ಬಸ್ಸಿಗೆ ಆ ಜಾಗವಷ್ಟೂ ಬೇಕು. ಎಡಕ್ಕೆ ತಿರುಗಲು ಎಡ ಹ್ಯಾಂಡಲ್ ಅನ್ನು ಮೆಲ್ಲನೆ ಮುಂದಕ್ಕೆ ಒತ್ತಿ, ಎದೆ ಮತ್ತು ಭುಜವನ್ನು ಒಳಬದಿಗೆ ಒಂದು ಗೇಣಿನ ಅರ್ಧದಷ್ಟು ಸರಿಸಿದರೆ ಬೈಕು ಸುಮಾರು ಒಂದೂವರೆ ಡಿಗ್ರಿ ಕಡಿಮೆ ವಾಲುತ್ತದೆ. ಶಾಕ್ ಕೊಡುವುದಕ್ಕಿಂತ ಇದು ಹೆಚ್ಚು, ಖರ್ಚೂ ಇಲ್ಲ. ಪತ್ನಿಗೆ ನಿಮ್ಮ ಒಳಭುಜದ ಮೇಲಿಂದ ರಸ್ತೆ ನೋಡಲು ಹೇಳಿ, ಅವರ ಭಾರ ತಾನಾಗಿ ಸರಿಯಾದ ಕಡೆ ಬರುತ್ತದೆ. ಇಳಿಯುವಾಗ ಇನ್ನಷ್ಟು ಎಚ್ಚರ ಬೇಕು. ತಿರುವಿನ ನಡುವೆ ಮುಂದಿನ ಬ್ರೇಕ್ ಹಿಡಿದರೆ ಫೋರ್ಕ್ (ಮುಂದಿನ ಚಕ್ರದ ಶಾಕ್) ಕುಗ್ಗಿ, ಮುಂದಿರುವ ಫುಟ್‌ರೆಸ್ಟ್‌ಗಳು ಇನ್ನೂ ಕೆಳಗಿಳಿಯುತ್ತವೆ. ಉಜ್ಜಿದ ಸದ್ದು ಕೇಳಿದೊಡನೆ ಬೆಚ್ಚಿ ಆ್ಯಕ್ಸಿಲರೇಟರ್ ಬಿಟ್ಟರೂ ಇದೇ ಆಗುತ್ತದೆ. ಕೈ ಸ್ಥಿರವಾಗಿಟ್ಟು, ಮೈಯನ್ನು ಇನ್ನಷ್ಟು ಒಳಕ್ಕೆ ತಂದರೆ ಫುಟ್‌ರೆಸ್ಟ್ ತಾನೇ ನೆಲ ಬಿಡುತ್ತದೆ.

ಇದೆಲ್ಲ ಒಣ ರಸ್ತೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಗಳ ನೆರಳಿನಲ್ಲಿ ಅಂಚಿಗೆ ಪಾಚಿ ಕಟ್ಟಿರುವಾಗ ಫುಟ್‌ರೆಸ್ಟ್ ತಾಗುವ ಮೊದಲೇ ಟಯರ್ ಜಾರಬಹುದು, ಆಗ ನಾನು ಆ ತಿರುವುಗಳನ್ನು 20ರ ವೇಗದಲ್ಲಿ ಹತ್ತುತ್ತೇನೆ.

ಕೊನೆಯದಾಗಿ, ಈಗಾಗಲೇ ಸವೆದಿರುವ ಆ ಬೋಲ್ಟುಗಳನ್ನು ಬದಲಿಸಿ, ಹೊಸದರ ಉದ್ದವನ್ನು ಬರೆದಿಟ್ಟುಕೊಳ್ಳಿ. ಎರಡು ತಿಂಗಳ ಬಳಿಕ ಅಳೆದರೆ ಎಡಬದಿಯದು ಎಷ್ಟು ಸವೆದಿದೆ ಎಂಬುದೇ ನಿಮಗೆ ಶಾಕ್ ಬೇಕೋ ಬೇಡವೋ ಎಂದು ತಿಳಿಸುತ್ತದೆ.